ಗ್ರಂಥಾಲಯ ಕರದ ಹಿಂದೆ ಒಂದು ಸಂಘವಿತ್ತು

ಬೆಂಗಳೂರಿನಲ್ಲಿ ಮನೆ ತೆರಿಗೆ ಕಟ್ಟುವವರು ಬರೀ ಮನೆ ತೆರಿಗೆ ಕಟ್ಟುವುದಿಲ್ಲ. ಅದರ ಮೇಲೆ ಆರೋಗ್ಯ ಕರ, ಭಿಕ್ಷುಕರ ಕರ, ಗ್ರಂಥಾಲಯ ಕರ ಎಂದು ಸೆಸ್ ಸೇರುತ್ತದೆ. ಗ್ರಂಥಾಲಯದ ಪಾಲು ನೂರಕ್ಕೆ 6. ಅಂದರೆ 1,000 ರೂಪಾಯಿ ತೆರಿಗೆಗೆ 60 ರೂಪಾಯಿ. ಈ ದುಡ್ಡು ಗ್ರಂಥಾಲಯಕ್ಕೆ ಪೂರ್ತಿ ತಲುಪುತ್ತಿಲ್ಲ, ಸ್ಥಳೀಯ ಸಂಸ್ಥೆಗಳಲ್ಲಿ ಬಾಕಿ ಉಳಿದಿದೆ ಎಂಬ ಸುದ್ದಿ ಆಗಾಗ ಬರುತ್ತದೆ. ಓದುವ ಅಭ್ಯಾಸಕ್ಕೂ ಮನೆ ಕಂದಾಯಕ್ಕೂ ಗಂಟು ಹಾಕಿದವರು ಯಾರು ಎಂದು ಹುಡುಕಿದರೆ 1928ರ ಮದರಾಸಿಗೆ ಹೋಗಿ ನಿಲ್ಲುತ್ತೇವೆ.

ಅದಕ್ಕೂ ಮೊದಲು ಯಾರೂ ಏನೂ ಮಾಡಿರಲಿಲ್ಲವೆಂದಲ್ಲ. ಬರೋಡಾದ ಸಯಾಜಿರಾವ್ ಗಾಯಕವಾಡರು 1910ರಲ್ಲೇ ಅಮೆರಿಕದಿಂದ ತಜ್ಞರನ್ನು ಕರೆಸಿ ಸಂಸ್ಥಾನದ ತುಂಬ ಗ್ರಂಥಾಲಯ ತೆರೆಸಿದ್ದರು. 1914ರಲ್ಲಿ ಅಯ್ಯಂಕಿ ವೆಂಕಟರಮಣಯ್ಯನವರ ಮುಂದಾಳತ್ವದಲ್ಲಿ ಆಂಧ್ರದಲ್ಲಿ ಸಂಘ ಹುಟ್ಟಿತ್ತು. ಒಂದು ಕಡೆ ಅರಸರ ಕೃಪೆ, ಇನ್ನೊಂದು ಕಡೆ ಊರವರ ಉತ್ಸಾಹ. ಎರಡಕ್ಕೂ ಕಾನೂನಿನ ಬಲವಿರಲಿಲ್ಲ.

1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಅಖಿಲ ಭಾರತ ಗ್ರಂಥಾಲಯ ಸಮ್ಮೇಳನ ನಡೆಯಿತು. ಮರುತಿಂಗಳೇ ಮದರಾಸು ಗ್ರಂಥಾಲಯ ಸಂಘ ಆರಂಭವಾಯಿತು. ಕಾರ್ಯದರ್ಶಿಯಾದವರು ಎಸ್.ಆರ್. ರಂಗನಾಥನ್. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು, 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದರು. ಹೊಸ ಸಂಘ ತನ್ನ ಕೆಲಸವನ್ನು ನೌಕರರ ಬೇಡಿಕೆಗಳಿಗೆ ಸೀಮಿತ ಮಾಡಿಕೊಳ್ಳಲಿಲ್ಲ. 1929ರಲ್ಲಿ ಬೇಸಿಗೆ ತರಬೇತಿ ಶಾಲೆ ತೆರೆಯಿತು. ಎರಡೇ ವರ್ಷದಲ್ಲಿ ವಿಶ್ವವಿದ್ಯಾಲಯ ಅದನ್ನು ತನ್ನದಾಗಿಸಿಕೊಂಡಿತು. ಇಂದು ಜಗತ್ತಿನ ಗ್ರಂಥಾಲಯ ವಿದ್ಯಾರ್ಥಿಗಳು ಓದುವ, ಗ್ರಂಥಾಲಯ ಹೇಗಿರಬೇಕೆಂದು ಐದು ನಿಯಮಗಳಲ್ಲಿ ಹೇಳುವ ರಂಗನಾಥನ್ ಅವರ ಪಂಚಸೂತ್ರಗಳ ಪುಸ್ತಕ 1931ರಲ್ಲಿ ಪ್ರಕಟವಾಗಿದ್ದು ಈ ಸಂಘದಿಂದಲೇ. ಮುನ್ನುಡಿ ಬರೆದವರು ಸರ್ ಪಿ.ಎಸ್. ಶಿವಸ್ವಾಮಿ ಅಯ್ಯರ್, ಹೆಸರಾಂತ ನ್ಯಾಯವಾದಿ. ಗ್ರಂಥಪಾಲಕರಲ್ಲದವರೂ ಗ್ರಂಥಾಲಯದ ಪರ ನಿಂತದ್ದೇ ಆ ಚಳವಳಿಯ ಶಕ್ತಿ ಎಂದು ನನಗೆ ಅನ್ನಿಸುತ್ತದೆ.

ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಒಂದು ಎತ್ತಿನ ಗಾಡಿ ಹೊರಟಿತು. ಗಾಡಿಯಲ್ಲಿದ್ದದ್ದು ಪುಸ್ತಕ. ಗಾಡಿ ಮಾಡಿಸಿದವರು ಎಸ್.ವಿ. ಕನಕಸಭೈ ಪಿಳ್ಳೈ ಎಂಬ ಎಂಜಿನಿಯರ್. ಪುಸ್ತಕವಿರುವ ಜಾಗಕ್ಕೆ ರೈತ ಬರಲಾರ, ಹೊತ್ತು ಮುಳುಗುವವರೆಗೂ ಅವನಿಗೆ ಗದ್ದೆ ಕೆಲಸ; ಹಾಗಾಗಿ ಪುಸ್ತಕವೇ ಅವನೂರಿಗೆ ಹೋಗಬೇಕು. ಲೆಕ್ಕಾಚಾರ ಇಷ್ಟೇ ಸರಳವಾಗಿತ್ತು. ಆದರೆ ದಾನಿಯೊಬ್ಬರ ಗಾಡಿಯಿಂದ ಒಂದು ತಾಲ್ಲೂಕನ್ನು ಮುಟ್ಟಬಹುದು, ಇಡೀ ಪ್ರಾಂತ್ಯವನ್ನಲ್ಲ.

ಅದಕ್ಕೇ ಕರದ ಮಾತು ಬಂದದ್ದು. ರಂಗನಾಥನ್ 1930ರಲ್ಲಿ ಮಾದರಿ ಕಾಯ್ದೆಯೊಂದನ್ನು ಮುಂದಿಟ್ಟಿದ್ದರು. 1933ರಲ್ಲಿ ಬಷೀರ್ ಅಹ್ಮದ್ ಸಯೀದ್ ಅವರು ಮದರಾಸು ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ. ಸಂಘ ಪಟ್ಟು ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, ಅವಿನಾಶಿಲಿಂಗಂ ಚೆಟ್ಟಿಯಾರ್ ಶಿಕ್ಷಣ ಸಚಿವರಾಗಿದ್ದಾಗ, 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪಾಸಾಯಿತು. ಆಸ್ತಿ ತೆರಿಗೆಯ ರೂಪಾಯಿಗೆ 6 ಪೈ (ಆಗ ರೂಪಾಯಿಗೆ 192 ಪೈ) ಗ್ರಂಥಾಲಯಕ್ಕೆ. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಅದು.

ಇಲ್ಲಿಂದ ನಮ್ಮ ಕಥೆ ಸಿಕ್ಕುಸಿಕ್ಕಾಗುತ್ತದೆ. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿದ್ದವು, ಹಾಗಾಗಿ ಅಲ್ಲಿಗೆ ಆ ಕಾಯ್ದೆ ಬಂತು. ಕಲಬುರಗಿ, ರಾಯಚೂರು, ಬೀದರಿಗೆ 1955ರ ಹೈದರಾಬಾದ್ ಕಾಯ್ದೆ. ಹಳೇ ಮೈಸೂರಿಗೂ ಧಾರವಾಡದ ಕಡೆಗೂ ಕಾಯ್ದೆಯೇ ಇಲ್ಲ. 1956ರಲ್ಲಿ ಇವೆಲ್ಲ ಒಂದೇ ರಾಜ್ಯವಾದವು. ಆಮೇಲೆ ರಂಗನಾಥನ್ ಬೆಂಗಳೂರಿಗೇ ಬಂದು ನೆಲೆಸಿದರು. 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಎಂಬ ತರಬೇತಿ ಮತ್ತು ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ನಡುವೆ 1965ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಆಯಿತು, ಮರುವರ್ಷ ಪ್ರತ್ಯೇಕ ಇಲಾಖೆಯೂ ಬಂತು.

ಇಲಾಖೆ ಬಂದದ್ದು ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗ್ರಂಥಾಲಯಕ್ಕಾಗಿ ದನಿಯೆತ್ತುವವರು ಅಲ್ಲಿಂದಾಚೆಗೆ ಹಂಚಿಹೋದರು. ಯುಜಿಸಿ ವೇತನದ ಕಾಲೇಜು ಗ್ರಂಥಪಾಲಕರ ಚಿಂತೆ ಬೇರೆ, ಇಲಾಖೆಯ ನೌಕರರದ್ದು ಬೇರೆ. ಹಳ್ಳಿಯ ಗ್ರಂಥಾಲಯ ಮೇಲ್ವಿಚಾರಕರದ್ದಂತೂ ಗೌರವಧನದ ಬದುಕು. ಕನಿಷ್ಠ ವೇತನಕ್ಕಾಗಿ ವರ್ಷಗಟ್ಟಲೆ ಮನವಿ ಕೊಟ್ಟವರು ಅವರು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಎಷ್ಟೋ ಊರುಗಳಲ್ಲಿ ಬೀಗ ಬಿದ್ದಿದ್ದ ಕೋಣೆಗಳಿಗೆ ಸುಣ್ಣಬಣ್ಣ ಬಂದು, ಮಕ್ಕಳು ಚಾಪೆಯ ಮೇಲೆ ಕೂತು ಓದುವಂತಾಗಿದೆ. ಇದನ್ನು ಮನಸಾರೆ ಮೆಚ್ಚಬೇಕು.

ಕರದ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. ವಸೂಲಿ ಮಾಡುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು, ಲೆಕ್ಕ ಕೇಳಬೇಕಾದ ಓದುಗನಿಗೆ ಯಾರಲ್ಲಿ ಕೇಳಬೇಕೆಂದೇ ತಿಳಿಯದು. ಗ್ರಂಥಪಾಲಕರ ಸಂಘಗಳು ಸಂಬಳದ ಜೊತೆಗೆ ಇದನ್ನೂ ಎತ್ತಿಕೊಳ್ಳಬಹುದು: ಈ ವರ್ಷ ನಮ್ಮೂರಲ್ಲಿ ಎಷ್ಟು ಕರ ವಸೂಲಾಯಿತು, ಎಷ್ಟು ಕೈಸೇರಿತು, ಅದರಲ್ಲಿ ಪುಸ್ತಕಕ್ಕೆ ಹೋದದ್ದೆಷ್ಟು ಎಂಬ ಮೂರು ಅಂಕಿಗಳನ್ನು ಪ್ರತಿ ಗ್ರಂಥಾಲಯದ ಬಾಗಿಲಲ್ಲೂ ಬರೆಸಿ ಹಾಕಬೇಕು ಎಂಬ ಬೇಡಿಕೆ.