ಪಾಪಾಸುಕಳ್ಳಿಯ ‘ಎಲೆ’ ಯಾಕೆ ಕಳಚಿ ಬೀಳುತ್ತದೆ?

ಪಾಪಾಸುಕಳ್ಳಿಯಲ್ಲಿ ಅಂಗೈಯಂತೆ ಅಗಲವಾಗಿ, ದಪ್ಪಗೆ ಇರುತ್ತದಲ್ಲ, ಅದನ್ನು ನಾವೆಲ್ಲ ಎಲೆ ಎಂದೇ ಕರೆಯುತ್ತೇವೆ. ಅದು ಎಲೆಯಲ್ಲ, ಕಾಂಡ. ಇಲ್ಲಿ ಅದನ್ನು ಹಲಗೆ ಎನ್ನುತ್ತೇನೆ. ನಿಜವಾದ ಎಲೆ ಎಳೆ ಹಲಗೆಯ ಮೇಲೆ ಮಾತ್ರ ಕಾಣುತ್ತದೆ. ಅಕ್ಕಿಕಾಳಿನಂಥ ಸಣ್ಣ, ಚೂಪು ಹಸಿರು ತುಣುಕುಗಳು ಅವು. ಬೇಗ ಉದುರಿಹೋಗುತ್ತವೆ. ಆಮೇಲೆ ಬಿಸಿಲಲ್ಲಿ ಆಹಾರ ತಯಾರಿಸುವುದು, ನೀರು ಕೂಡಿಡುವುದು, ಎಲ್ಲ ಹಲಗೆಯ ಕೆಲಸವೇ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಮಾವಿನ ಎಲೆ ಬಿದ್ದರೆ ಒಣಗಿ ಮಣ್ಣಾಗುತ್ತದೆ. ಕಳ್ಳಿಯ ಹಲಗೆ ಬಿದ್ದರೆ ಬದುಕಿಯೇ ಇರುತ್ತದೆ. ಮುಳ್ಳಿನ ಬುಡದಲ್ಲಿರುವ ಚುಕ್ಕೆಯನ್ನು ಕಣ್ಣು ಎನ್ನೋಣ. ಮುಳ್ಳು, ಹೂವು, ಹೊಸ ಹಲಗೆ ಎಲ್ಲ ಅಲ್ಲಿಂದಲೇ ಬರುತ್ತವೆ. ಮಣ್ಣು ತಾಗಿದರೆ ಬೇರೂ ಅಲ್ಲಿಂದಲೇ! ಅಂದರೆ ಬೀಳುವುದು ಈ ಗಿಡಕ್ಕೆ ಹರಡುವ ದಾರಿಯೂ ಹೌದು. ಉತ್ತರ ಅಮೆರಿಕದ ಒಪಂಟಿಯಾ ಫ್ರಾಜಿಲಿಸ್ ಎಂಬ ಪುಟ್ಟ ಕಳ್ಳಿಗೆ ಹೆಸರೇ ‘ಸುಲಭವಾಗಿ ಮುರಿಯುವುದು’ ಎಂದು. ಅದರ ತುಂಡುಗಳು ಪ್ರಾಣಿಗಳ ತುಪ್ಪಳಕ್ಕೆ ಅಂಟಿಕೊಂಡು ದೂರ ಹೋಗುತ್ತವೆ.

ಎರಡು ಹಲಗೆ ಸೇರುವ ಕೀಲು ಸಣ್ಣದು. ಗಾಳಿ, ದನದ ತಳ್ಳಾಟ, ತುದಿಯಲ್ಲಿ ಹಣ್ಣಿನ ಭಾರ, ಇಷ್ಟಕ್ಕೇ ಮುರಿಯಬಹುದು. ಕುಂಡದಲ್ಲಿ ಬೆಳೆಸಿದ್ದರೆ ಇನ್ನೆರಡು ಕಾರಣ ನೋಡಿ. ಬಿಸಿಲು ಸಾಲದೆ ಹಲಗೆ ಸಪೂರವಾಗಿ ಉದ್ದ ಬೆಳೆದಿರುತ್ತದೆ. ಇಲ್ಲವೇ ನೀರು ಜಾಸ್ತಿಯಾಗಿ ಕೀಲು ಕೊಳೆತಿರುತ್ತದೆ.

ಆದ್ದರಿಂದ ಬಿದ್ದ ಹಲಗೆ ಸುಮ್ನೆ ಎಸೆಯಬೇಡಿ, ಮುರಿದ ಜಾಗ ನೋಡಿ. ತಿರುಳು ಹಸಿರಾಗಿ ಗಟ್ಟಿ ಇದ್ದರೆ ಅದು ಬರೀ ಮುರಿತ. ನೆರಳಲ್ಲಿ ಒಂದು ವಾರ ಇಟ್ಟು, ಗಾಯ ಒಣಗಿದ ಮೇಲೆ ನೆಡಿ. ಕಂದು ಬಣ್ಣವಾಗಿ ಲೊಳಲೊಳ ಎನ್ನುತ್ತಿದ್ದರೆ ಕೊಳೆ. ತಾಯಿಗಿಡದಲ್ಲೂ ಕೊಳೆತದ್ದನ್ನು ಒಳ್ಳೆಯ ತಿರುಳು ಸಿಗುವವರೆಗೆ ಕತ್ತರಿಸಿ, ನೀರು ಹಾಕುವುದನ್ನು ನಿಲ್ಲಿಸಿ.

ಹಲಗೆಯ ಮೇಲೆ ಬಿಳಿ ಹತ್ತಿಯಂಥದ್ದು ಅಂಟಿದ್ದರೆ ಕಡ್ಡಿಯಿಂದ ಒತ್ತಿ ನೋಡಿ. ಕಡು ಕೆಂಪು ರಸ ಬಂತಾ? ಅದು ಕೊಚಿನೀಲ್ ಹುಳು. ರಸ ಹೀರಿ ಹೀರಿ ಹಲಗೆಯನ್ನು ಹಳದಿ ಮಾಡಿ ಬೀಳಿಸುತ್ತದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದದ್ದು ಈ ಹುಳುವಿನ ಕಥೆಯೇ. ಕೆಂಪು ಬಣ್ಣದ ವ್ಯಾಪಾರಕ್ಕೆಂದು 1795ರಲ್ಲಿ ಬ್ರೆಜಿಲ್‌ನಿಂದ ಕೊಚಿನೀಲನ್ನು ಭಾರತಕ್ಕೆ ತಂದರು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ಕಾಡು ನೆಂಟ. ಬಣ್ಣದ ಆಸೆ ಕೈಗೂಡಲಿಲ್ಲ. ಆದರೆ ಆ ಹುಳು ಇಲ್ಲಿ ಹಬ್ಬಿದ್ದ ಒಂದು ಜಾತಿಯ ಕಳ್ಳಿಯನ್ನು ತಿಂದು ಸೊರಗಿಸಿತು. ಇನ್ನೊಂದು ಜಾತಿಯ ಕಳ್ಳಿಯನ್ನು ಅದು ಮುಟ್ಟಲೇ ಇಲ್ಲ. ಆ ಕಳ್ಳಿಯನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಬೇರೆ ಕೊಚಿನೀಲ್ ತಂದು ದಕ್ಷಿಣ ಭಾರತದಲ್ಲಿ ಬಿಡಬೇಕಾಯಿತು.

ಹಾಗಾಗಿ ಬಿಳಿ ಹತ್ತಿ ಕಂಡ ಹಲಗೆಯನ್ನು ಮಾತ್ರ ನೆಡಲು ಹೋಗಬೇಡಿ. ಹುಳುವೂ ಜೊತೆಗೇ ಹೊಸ ಕುಂಡಕ್ಕೆ ಬರುತ್ತದೆ.