ರಾಜೀನಾಮೆ ಪತ್ರಕ್ಕೆ ಮುನ್ನ ಮಗುವಿನ ವಿಮೆಯ ತಾರೀಖು ನೋಡಿ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳ ಜೊತೆಗೇ ಫಿಸಿಯೊಥೆರಪಿ, ಸ್ಪೀಚ್ ಥೆರಪಿ ಕೇಂದ್ರಗಳೂ ಬಾಗಿಲು ಹಾಕಿದವು. ಆನ್‌ಲೈನ್ ಥೆರಪಿಯಲ್ಲಿ ಮಗುವಿನ ಕೈ ಹಿಡಿದು ಮಾಡಿಸಬೇಕಾದವರು ಮನೆಯವರೇ. ಹೀಗಾಗಿ ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಎಷ್ಟೋ ತಾಯಂದಿರು, ಕೆಲವು ತಂದೆಯರು, ಕೆಲಸ ಬಿಟ್ಟರು. ಇಲ್ಲವೇ ನೌಕರಿ ಬಿಟ್ಟು ಅದೇ ಕಂಪನಿಗೆ ‘ಕನ್ಸಲ್ಟೆಂಟ್’ (ಹೊರಗಿನ ಸಲಹೆಗಾರ) ಆದರು. ಸಂಬಳ ಎಷ್ಟು ಕಡಿಮೆಯಾಗುತ್ತದೆಂದು ಎಲ್ಲರೂ ಲೆಕ್ಕ ಹಾಕಿಕೊಂಡಿದ್ದರು. ನೌಕರಿಗೇ ಅಂಟಿಕೊಂಡಿದ್ದ ಮಗುವಿನ ಚಿಕಿತ್ಸೆಯ ಹಕ್ಕು ಆ ಲೆಕ್ಕಕ್ಕೆ ಬರಲಿಲ್ಲ. ಇವತ್ತು ಕೆಲಸ ಬದಲಿಸುವವರೂ ಎಡವುವುದು ಅಲ್ಲೇ.

ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಆಮೇಲೆ ಹೊಸದಾಗಿ ಪಾಲಿಸಿ ಕೇಳಿದರೆ ಮಗುವಿನ ಕಾಯಿಲೆ ‘ಮೊದಲೇ ಇದ್ದದ್ದು’ ಎಂದಾಗಿ, ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಅರ್ಜಿಯೇ ತಿರಸ್ಕಾರವಾಗಲೂಬಹುದು. ನೋಟಿಸ್ ಅವಧಿ ಶುರುವಾದ ವಾರವೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಬೇಕೆಂದು ಲಿಖಿತವಾಗಿ ಕೇಳಿ. ಎಷ್ಟು ವರ್ಷ ಸತತವಾಗಿ ವಿಮೆಯಲ್ಲಿದ್ದಿರಿ ಎಂಬ ಪತ್ರವನ್ನು ಎಚ್‌ಆರ್‌ನಿಂದ ಪಡೆದಿಟ್ಟುಕೊಳ್ಳಿ. ಹೊಸ ಪಾಲಿಸಿಯ ಕಾಯುವ ಅವಧಿಯಿಂದ ಆ ವರ್ಷಗಳನ್ನು ಕಡಿತ ಮಾಡುವುದು ಹಳೆಯ ವಿಮಾ ಮೊತ್ತದ ಮಟ್ಟಿಗೆ ಮಾತ್ರ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರ ವಿಷಯ ಬೇರೆ. ಅದರಲ್ಲಿ ಅಂಗವೈಕಲ್ಯದಿಂದ ನಿಮ್ಮನ್ನೇ ಪೂರ್ಣವಾಗಿ ಅವಲಂಬಿಸಿರುವ ಮಗುವಿಗೆ ವಯಸ್ಸಿನ ಮಿತಿಯಿಲ್ಲ. ಕೆಲಸ ಬಿಟ್ಟ ಕೂಡಲೇ ಚಿಕಿತ್ಸೆಯೂ ನಿಲ್ಲಬೇಕಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಪೂರ್ತಿ ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಇರಬೇಕು. ಸಂಬಳವಿಲ್ಲದ ರಜೆಯ ದಿನಗಳು ಇದಕ್ಕೆ ಸೇರುವುದಿಲ್ಲ. ಲಾಕ್‌ಡೌನ್‌ನಲ್ಲಿ ಹಲವರ ಎಣಿಕೆ ತಪ್ಪಿದ್ದು ಇಲ್ಲಿ. ಆಗಸ್ಟ್‌ನಲ್ಲಿ ಬಿಡುವ ಯೋಚನೆಯಿದ್ದರೆ ಮೊದಲು ಇಎಸ್‌ಐ ಪೋರ್ಟಲ್‌ನಲ್ಲಿ ವಂತಿಗೆಯ ದಿನ ಎಣಿಸಿ. ನಾಲ್ಕು ದಿನ ಕಡಿಮೆ ಬಿದ್ದರೆ ನಾಲ್ಕು ದಿನ ಹೆಚ್ಚು ದುಡಿದು ಬಿಡುವುದೇ ಲೇಸು.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯವಿದ್ದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಯನ್ನು ಈಗಲೇ ಮಾಡಿಸಿ. 1 ಲಕ್ಷ ರೂಪಾಯಿವರೆಗಿನ ಈ ವಿಮೆ ತಂದೆತಾಯಿಯ ನೌಕರಿಗೆ ಕಟ್ಟುಬಿದ್ದಿಲ್ಲ, ಮುಂಚೆ ವೈದ್ಯಕೀಯ ಪರೀಕ್ಷೆಯೂ ಇಲ್ಲ. ಮಿತಿಯೊಳಗೆ ಥೆರಪಿಯ ಖರ್ಚೂ ಸಿಗುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಈ ಮೊತ್ತ ಸಾಲದು, ನಿಜ. ಆದರೆ ಎರಡು ಕೆಲಸಗಳ ನಡುವಿನ ತಿಂಗಳುಗಳಲ್ಲಿ ಥೆರಪಿ ನಿಲ್ಲದಂತೆ ನೋಡಿಕೊಳ್ಳಲು ಇದು ಆಸರೆ.

ಕೇಂದ್ರ ಸರ್ಕಾರಿ ನೌಕರರಾದ ತಾಯಂದಿರು ರಾಜೀನಾಮೆಯ ಮಾತೆತ್ತುವ ಮುನ್ನ 730 ದಿನಗಳ ಮಕ್ಕಳ ಆರೈಕೆ ರಜೆಯಲ್ಲಿ ಎಷ್ಟು ಉಳಿದಿದೆ ನೋಡಲಿ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ ಅಲ್ಲಿ ವಯೋಮಿತಿಯಿಲ್ಲ.

ಭವಿಷ್ಯ ನಿಧಿಯಲ್ಲಿ ಆದ ನಷ್ಟ ಹೆಚ್ಚಿನವರಿಗೆ ಇನ್ನೂ ಗೊತ್ತೇ ಆಗಿಲ್ಲ. ಕೆಲಸ ಬಿಟ್ಟಾಗ ಪಿಎಫ್ ಜೊತೆಗೆ ಫಾರಂ 10ಸಿ ತುಂಬಿ ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಕೈಗೆ ಬರುವುದು ಸಣ್ಣ ಮೊತ್ತ. ಪಿಎಫ್ ಜೊತೆಗಿರುವ ಈ ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಸದಸ್ಯರು ತೀರಿಕೊಂಡರೆ ಶಾಶ್ವತವಾಗಿ ಸಂಪೂರ್ಣ ಅಂಗವಿಕಲರಾದ ಮಗ ಅಥವಾ ಮಗಳಿಗೆ ವಯಸ್ಸೆಷ್ಟೇ ಇರಲಿ ತಿಂಗಳ ಪಿಂಚಣಿ ಸಿಗುವ ನಿಯಮವಿದೆ. ಹಾಗಾಗಿ ಅದೇ ಫಾರಂನಲ್ಲಿ ಹಣದ ಬದಲು ಸೇವೆಯನ್ನು ಉಳಿಸಿಕೊಡುವ ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ, ಮುಂದಿನ ಕೆಲಸಕ್ಕೆ ಸೇರಿದಾಗ ಹಳೆಯ ಸೇವೆಯನ್ನು ಜೋಡಿಸಿಕೊಳ್ಳಿ.