ಆಸ್ಪತ್ರೆ ಗಟಾರದಿಂದ ಕಾಲುವೆ ನೀರಿನವರೆಗೆ

ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು, ಬೇಸಿಗೆಯಲ್ಲಿ ಅದನ್ನೇ ಕುಡಿಯುವ ಊರುಗಳು ಬಹಳ. ಆ ನೀರು ಕೆಂಪಗಿದೆಯಾ, ವಾಸನೆ ಬರುತ್ತಿದೆಯಾ ಅಂತ ನೋಡುತ್ತೇವೆ. ಅದರಲ್ಲಿರುವ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುತ್ತದೆಯಾ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ ಕಾಲ ಬಂದಿದೆ.

ನಾವು ನುಂಗಿದ ಅಮಾಕ್ಸಿಸಿಲಿನ್ ಮಾತ್ರೆಯ ಅರ್ಧಕ್ಕಿಂತ ಜಾಸ್ತಿ ಔಷಧಿ ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ದೊಡ್ಡ ಆಸ್ಪತ್ರೆಯ ಗಟಾರಕ್ಕೆ ಹೀಗೆ ದಿನಾ ಆ್ಯಂಟಿಬಯೋಟಿಕ್ ಸೇರುತ್ತಿರುತ್ತದೆ. ಅದಕ್ಕೆ ಸಾಯದೆ ಉಳಿದ ಬ್ಯಾಕ್ಟೀರಿಯಾಗಳೂ ಅದೇ ದಾರಿ ಹಿಡಿಯುತ್ತವೆ. ವಾರ್ಡಿನ ಸಿಂಕ್ ಕೆಳಗೆ ಒಂದು ಬಾಗಿದ ಪೈಪು ಇರುತ್ತದಲ್ಲ, ಗಟಾರದ ವಾಸನೆ ಮೇಲೆ ಬರದಂತೆ ಸ್ವಲ್ಪ ನೀರು ಹಿಡಿದಿಟ್ಟುಕೊಳ್ಳುವುದು? ಬಿಚ್ಚಿದರೆ ಒಳಗೆಲ್ಲ ಜಾರುವ ಲೋಳೆ. ಬ್ಯಾಕ್ಟೀರಿಯಾಗಳೇ ಸೇರಿ ಕಟ್ಟಿಕೊಂಡ ಪದರ ಅದು. ಫಿನಾಯಿಲ್ ಸುರಿದರೆ ಮೇಲಿನವು ಸಾಯುತ್ತವೆ, ಒಳಗಿನವು ಉಳಿದು ಮತ್ತೆ ಬೆಳೆಯುತ್ತವೆ. ನಲ್ಲಿ ಜೋರಾಗಿ ಬಿಟ್ಟರೆ ಹನಿಗಳ ಜೊತೆ ಸಿಡಿದು ವಾರ್ಡಿಗೂ ವಾಪಸ್ ಬರಬಲ್ಲವು.

ಇವು ಬರೀ ಮರಿ ಹಾಕಿಕೊಂಡು ಹರಡುತ್ತಿದ್ದರೆ ಇಷ್ಟು ತಲೆಬಿಸಿ ಇರಲಿಲ್ಲ. ಔಷಧಿಯನ್ನು ಸೋಲಿಸುವ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅಂಟಿಕೊಂಡು ಅದರ ನಕಲನ್ನು ದಾಟಿಸುತ್ತದೆ. ಬೀಗದ ಕೀಲಿಗೆ ಡೂಪ್ಲಿಕೇಟ್ ಮಾಡಿಸಿ ಕೊಟ್ಟಂತೆ, ಕೊಟ್ಟವರ ಕೈಯಲ್ಲೂ ಉಳಿಯುತ್ತದೆ. ಪಡೆಯುವುದು ಅದೇ ಜಾತಿಯದಾಗಿರಬೇಕು ಅಂತೇನಿಲ್ಲ. ರೋಗಿಯ ಕರುಳಿನಿಂದ ಬಂದ ಬ್ಯಾಕ್ಟೀರಿಯಾ ಹಳ್ಳದಲ್ಲಿ ಸತ್ತೇ ಹೋಗಲಿ, ಸಾಯುವ ಮುಂಚೆ ಜೀನನ್ನು ಅಲ್ಲಿನ ನಿವಾಸಿಗೆ ಕೊಟ್ಟಿರಬಹುದು.

ದೆಹಲಿಯಲ್ಲಿ ಇದು ಕಣ್ಣಿಗೇ ಕಂಡಿತು. ಕಾರ್ಬಪೆನೆಮ್ ಅಂದರೆ ಬೇರೆ ಔಷಧಿ ನಡೆಯದಾಗ ಡಾಕ್ಟರುಗಳು ಕೈ ಹಾಕುವ ಔಷಧಿ. ಅದನ್ನೂ ಮುರಿಯುವ ಎನ್‌ಡಿಎಂ-1 ಜೀನ್‌ಗಾಗಿ ಅಲ್ಲಿನ ನೀರು ಪರೀಕ್ಷಿಸಿ, 2011ರಲ್ಲಿ ವರದಿ ಪ್ರಕಟಿಸಿದರು. ರಸ್ತೆ ಬದಿ ನಿಂತ, ಹರಿದ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಅದು ಸಿಕ್ಕಿತು. ಕಾಲರಾ ಮತ್ತು ಆಮಶಂಕೆ ತರುವ ಬ್ಯಾಕ್ಟೀರಿಯಾಗಳಿಗೂ ದಾಟಿತ್ತು! ಎನ್‌ಡಿಎಂನ ‘ಎನ್‌ಡಿ’ ಅಂದರೆ ನ್ಯೂ ಡೆಲ್ಲಿ; ಆ ಜೀನಿಗೆ ನಮ್ಮ ರಾಜಧಾನಿಯ ಹೆಸರಿಟ್ಟರಲ್ಲ ಅಂತ ಆಗ ದೇಶದಲ್ಲಿ ಸಿಟ್ಟು ಬಂದಿತ್ತು. ಗಟಾರದ ಮೇಲೆ ಅಷ್ಟು ಸಿಟ್ಟು ಬರಲಿಲ್ಲ ಅನ್ನೋದು ನನ್ನ ತಕರಾರು.

ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬಿಸಿಗೆ ಬಗ್ಗುತ್ತದೆ. ನೀರು ಚೆನ್ನಾಗಿ ಕುದಿಸಿದರೆ ಇವೂ ಸಾಯುತ್ತವೆ. ಆದರೆ ಗದ್ದೆಯ ನೀರಲ್ಲಿ ನಿಂತು ಭತ್ತ ನಾಟಿ ಮಾಡುವ ಹೆಂಗಸರು, ಕಾಲುವೆಗೆ ಹಾರುವ ಹುಡುಗರು ಏನನ್ನು ಕುದಿಸಬೇಕು? ಆಸ್ಪತ್ರೆಗಳು ಕೊಳಚೆ ನೀರನ್ನು ಶುದ್ಧ ಮಾಡಿಯೇ ಹೊರಗೆ ಬಿಡಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ಸುಮ್ನೆ ಬ್ಲೀಚಿಂಗ್ ಪೌಡರ್ ಸುರಿದರೆ ಆ ಕೆಲಸ ಮುಗಿಯುವುದಿಲ್ಲ. ಕೊಳಚೆ ಗಟ್ಟಿಯಾಗಿದ್ದಾಗ ಕ್ಲೋರಿನ್‌ನ ಬಹುಪಾಲು ಆ ಕೊಳೆಗೇ ಖರ್ಚಾಗುತ್ತದೆ. ಬ್ಯಾಕ್ಟೀರಿಯಾ ಸತ್ತರೂ ಅದರ ಡಿಎನ್‌ಎ ತುಣುಕುಗಳು ನೀರಿನಲ್ಲಿ ಉಳಿದು, ಕೆಲವು ಬ್ಯಾಕ್ಟೀರಿಯಾಗಳು ಅವನ್ನೂ ಒಳಗೆಳೆದುಕೊಳ್ಳಬಲ್ಲವು. ಮೊದಲು ರಾಡಿ ತಳಕ್ಕೆ ಕೂರಿಸಿ ತೆಗೆಯಬೇಕು, ಕ್ಲೋರಿನ್ ಆಮೇಲೆ. ತೆಗೆದ ರಾಡಿಯನ್ನು ಹೊಲಕ್ಕೆ ಗೊಬ್ಬರ ಅಂತ ಸಾಗಿಸಿದರೆ ಮಾಡಿದ್ದೆಲ್ಲ ದಂಡ.